ವಾರಿಜ ಅಂದದ್ದು ಒಂದೇ ಮಾತು

1993ರ ಬೇಸಿಗೆ. ನಾನಾಗ ಮಸ್ಕತ್ತಿನ ಒಂದು ಸರ್ಕಾರಿ ಕಚೇರಿಯಲ್ಲಿ ಇಂಗ್ಲಿಷ್ ಟೈಪಿಸ್ಟ್ ಆಗಿದ್ದೆ. ಅದು ಜನರ ದೂರು ಕೇಳುವ ಕಚೇರಿ. ಕಂಪನಿಗಳ ಮೇಲೆ, ಕೆಲಸಕ್ಕೆ ಇಟ್ಟುಕೊಂಡವರ ಮೇಲೆ, ಕೆಲವೊಮ್ಮೆ ಬೇರೆ ಸರ್ಕಾರಿ ಇಲಾಖೆಗಳ ಮೇಲೂ ಜನ ಅಲ್ಲಿಗೆ ದೂರು ತರುತ್ತಿದ್ದರು. ಅಲ್ಲಿನ ನಾಗರಿಕರೂ ಬರುತ್ತಿದ್ದರು, ನಮ್ಮಂತೆ ಹೊರಗಿನಿಂದ ದುಡಿಯಲು ಬಂದವರೂ ಬರುತ್ತಿದ್ದರು. ಊರಿನವರು ನನ್ನ ಕೆಲಸ ಏನೆಂದು ಕೇಳಿದರೆ ‘ನಮ್ಮಲ್ಲಿ ಲೋಕಾಯುಕ್ತ ಇದೆಯಲ್ಲ, ಆ ತರಹದ್ದು’ ಎನ್ನುತ್ತಿದ್ದೆ. ಹಾಗೆಂದರೆ ಬೇಗ ಅರ್ಥವಾಗುತ್ತಿತ್ತು, ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ. ನಿಜದಲ್ಲಿ ಅದು ಅಷ್ಟು ದೊಡ್ಡದೇನಲ್ಲ. ಎರಡು ಕೋಣೆ, ಒಂದು ಉದ್ದದ ವರಾಂಡ, ಗೋಡೆಗೆ ತಾಗಿಸಿಟ್ಟ ಬೆಂಚುಗಳು, ಬೆಂಚುಗಳ ತುಂಬ ಜನ.

ನಾನು ಎಂ.ಎ. ಮುಗಿಸಿ ಮಸ್ಕತ್ತಿಗೆ ಬಂದದ್ದು ಅಣ್ಣ ಅತ್ತಿಗೆಯ ಜೊತೆ ಇರುವುದಕ್ಕೆ. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಈ ಕೆಲಸ ಹಿಡಿದೆ. ಮೊದಮೊದಲು ಸಂಜೆ ಮನೆಗೆ ಹೋಗಿ ಆ ದಿನ ಕೇಳಿದ್ದನ್ನೆಲ್ಲ ಅತ್ತಿಗೆಗೆ ಹೇಳುತ್ತಿದ್ದೆ. ಆಮೇಲೆ ಬಿಟ್ಟೆ. ಎಲ್ಲ ಒಂದೇ ತರಹದ ಕಥೆಗಳು. ಪಾಸ್‌ಪೋರ್ಟ್ ಕೊಡುತ್ತಿಲ್ಲ, ರಜೆ ಕೊಡುತ್ತಿಲ್ಲ, ಹೇಳಿದ ಕೆಲಸ ಒಂದು ಮಾಡಿಸುವ ಕೆಲಸ ಇನ್ನೊಂದು. ಘಾಲಾದ ಗ್ಯಾರೇಜುಗಳಿಂದ ಕೈಯಲ್ಲಿ ಗ್ರೀಸ್ ಮೆತ್ತಿಕೊಂಡೇ ಬಂದವರು, ಅಡುಗೆಯವರು, ದರ್ಜಿಗಳು. ಅವರು ಅಳುತ್ತಾ ಹೇಳಿದ್ದನ್ನು ನಾನು ‘ದೂರುದಾರರು ಹೇಳುವುದೇನೆಂದರೆ’ ಎಂಬ ಒಣ ಇಂಗ್ಲಿಷಿಗೆ ಇಳಿಸಬೇಕು. ಮಧ್ಯಾಹ್ನದ ಹೊತ್ತಿಗೆ ನನ್ನ ಬೆರಳುಗಳಿಗಿಂತ ಮೊದಲು ಕಿವಿ ಸೋತಿರುತ್ತಿತ್ತು. ಎದುರಿನ ಮೇಜಿನಲ್ಲಿ ಅರಬ್ಬಿ ಟೈಪ್ ಮಾಡುತ್ತಿದ್ದ ಮುಸ್ತಫಾ ಈಜಿಪ್ಟಿನವನು. ‘ಬಿಂತ್, ಇಷ್ಟು ಗಮನ ಕೊಟ್ಟು ಕೇಳಬೇಡ. ಬೇಗ ಮುದುಕಿಯಾಗುತ್ತೀಯ’ ಎನ್ನುತ್ತಿದ್ದ. ಬಿಂತ್ ಎಂದರೆ ಹುಡುಗಿ. ಅವನು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

ದೂರು ಕೇಳುತ್ತಿದ್ದವರು ಉಸ್ತಾದ್ ಸಾಲಿಮ್. ಐವತ್ತು ದಾಟಿದ ಒಮಾನಿ. ಹುಟ್ಟಿ ಬೆಳೆದದ್ದು ಜಂಜೀಬಾರಿನಲ್ಲಿ. ದೊಡ್ಡವರಾದ ಮೇಲೆ ಪೂರ್ವಜರ ದೇಶಕ್ಕೆ ಮರಳಿದವರು. ಅವರ ಇಂಗ್ಲಿಷ್ ಚೆನ್ನಾಗಿತ್ತು, ಅರಬ್ಬಿಯಲ್ಲಿ ಮಾತ್ರ ಆಫ್ರಿಕಾದ ಎಳೆತ ಇತ್ತಂತೆ. ‘ನನ್ನ ಅರಬ್ಬಿ ಕೇಳಿ ನನ್ನ ಅತ್ತೆಯೇ ನಗುತ್ತಾಳೆ. ಆದ್ದರಿಂದ ನಾನು ಕಡಿಮೆ ಮಾತಾಡಿ ಹೆಚ್ಚು ಕೇಳುವ ಕೆಲಸ ಹಿಡಿದೆ’ ಎಂದು ಒಮ್ಮೆ ಹೇಳಿದ್ದರು. ಯಾರಿಗೂ ಹೀಗೇ ಮಾಡಿ ಎಂದು ಆಜ್ಞೆ ಮಾಡುವ ಅಧಿಕಾರ ಅವರಿಗಿರಲಿಲ್ಲ. ಎರಡೂ ಕಡೆಯವರನ್ನು ಕರೆಸಿ ಕೇಳಬಹುದು, ತಮಗೆ ಸರಿ ಕಂಡದ್ದನ್ನು ಬರೆದು ಸಂಬಂಧಪಟ್ಟವರಿಗೆ ಕಳಿಸಬಹುದು. ಮನೆಗೆಲಸದವರ ವಿಷಯದಲ್ಲಂತೂ ಅಷ್ಟೂ ಕಷ್ಟ. ಮನೆಯೊಳಗಿನ ಮಾತಿಗೆ ಸಾಕ್ಷಿ ಯಾರು?

ಅವರದ್ದೊಂದು ಕ್ರಮ ಇತ್ತು. ಬಂದವರು ಯಾರೇ ಇರಲಿ, ಮೊದಲು ಖರ್ಜೂರ ಮತ್ತು ಕಹ್ವಾ. ಹಾಲಿಲ್ಲದ, ಏಲಕ್ಕಿ ಹಾಕಿದ ಅರಬರ ಕಹಿ ಕಾಫಿ. ಹಮೂದ್ ಎಂಬ ವಯಸ್ಸಾದ ಜವಾನ ಒಂದು ಕೈಯಲ್ಲಿ ಉದ್ದ ಮೂತಿಯ ಪಾತ್ರೆ, ಇನ್ನೊಂದರಲ್ಲಿ ಹಿಡಿ ಇಲ್ಲದ ಪುಟ್ಟ ಬಟ್ಟಲುಗಳನ್ನು ಹಿಡಿದು ಸುತ್ತು ಬರುತ್ತಿದ್ದ. ದೂರು ಕೊಟ್ಟವರಿಗೂ ಅದೇ, ದೂರಿಗೆ ಗುರಿಯಾದವರಿಗೂ ಅದೇ. ಕುಡಿದಾಗದೆ ಪ್ರಶ್ನೆ ಇಲ್ಲ. ಹೊರಗೆ ಬೆಂಚುಗಳಲ್ಲಿ ಕಾಯುವವರ ಮುಖ ನೋಡಿದರೆ ನನಗೆ ಈ ಕಹ್ವಾದ ಮೇಲೆ ಸಿಟ್ಟು ಬರುತ್ತಿತ್ತು.

ಒಂದು ಬುಧವಾರ. ಅಲ್ಲಿ ಆಗ ಗುರುವಾರ ಶುಕ್ರವಾರ ರಜೆ, ಹಾಗಾಗಿ ಬುಧವಾರ ಎಂದರೆ ನಮ್ಮ ವಾರದ ಕೊನೆ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ವರಾಂಡದಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ನಲವತ್ತರ ಆಸುಪಾಸು, ಹೂವಿನ ಚಿತ್ತಾರದ ನೈಟಿ, ಅದರ ಮೇಲೆ ಹೊದ್ದ ಟವೆಲು. ಪಕ್ಕದಲ್ಲಿ ಟೋಪಿ ಹಾಕಿದ ಒಬ್ಬ ಗಂಡಸು ನಿಂತಿದ್ದ. ನನ್ನನ್ನು ಕಂಡದ್ದೇ ಅವನು ಕನ್ನಡದಲ್ಲಿ ಶುರು ಮಾಡಿದ.

‘ನೀವು ನಮ್ಮ ಕಡೆಯವರಲ್ವಾ? ಮುಖ ನೋಡಿದ್ರೆ ಗೊತ್ತಾಗ್ತದೆ. ಊರು ಎಲ್ಲಿ ಆಯ್ತು?’

‘ಮಂಗಳೂರು.’

‘ಮಂಗಳೂರಲ್ಲಿ ಎಲ್ಲಿ?’

‘ಮಂಗಳೂರೇ’ ಎಂದೆ.

‘ಆಯ್ತು ಮಾರಾಯ್ತಿ, ಹೇಳುದು ಬೇಡ. ನಾನೇನು ಸಂಬಂಧ ಕೇಳ್ಲಿಕ್ಕೆ ಬಂದದ್ದಲ್ಲ’ ಎಂದು ಅವನೇ ನಕ್ಕ. ಹೆಸರು ಇಸ್ಮಾಲಾಕ, ಬ್ಯಾರಿ. ಅಲ್ ಮವಾಲೇಹ್‌ನಲ್ಲಿ ತರಕಾರಿ ಅಂಗಡಿ. ‘ಇವರು ವಾರಿಜ. ಕಾರ್ಕಳದ ಹತ್ತಿರದವರು. ನಮ್ಮ ಅಂಗಡಿ ಹಿಂದಿನ ಬಿಲ್ಡಿಂಗಿನಲ್ಲಿ ಕೆಲಸಕ್ಕಿರುದು. ಬೆಳಿಗ್ಗೆ ಬಸಳೆಗೆ ಬಂದವರು ಅಂಗಡಿಯಲ್ಲೇ ಕೂತು ಅಳ್ಲಿಕ್ಕೆ ಶುರು. ನಾನೇನು ಮಾಡ್ಲಿ? ಮನೆಯಲ್ಲಿ ಇಟ್ಕೊಂಡ್ರೆ ನಾಳೆ ಓಡಿ ಹೋದ್ಲು ಅಂತ ಬರೆಸ್ತಾರೆ. ಅದಕ್ಕೆ ಪಿಕಪ್ಪಲ್ಲಿ ಹಾಕಿ ಸೀದಾ ಇಲ್ಲಿಗೇ ತಂದೆ. ಅಂಗಡಿಯಲ್ಲಿ ಟೊಮೆಟೊ ಕೊಳೀತಾ ಉಂಟು.’

ವಾರಿಜ ನನ್ನ ಹತ್ತಿರ ತುಳುವಿನಲ್ಲಿ ಮಾತಾಡಿದಳು. ಅವಳಿಗೆ ಬರುತ್ತಿದ್ದದ್ದು ತುಳು, ಸ್ವಲ್ಪ ಕನ್ನಡ. ಬಂದ ಹೊಸತರಲ್ಲಿ ಸೀಬ್ ಎಂಬ ಊರಿನ ಒಬ್ಬ ಒಮಾನಿ ಅಜ್ಜಿಯ ಮನೆಯಲ್ಲಿ ಕೆಲಸಕ್ಕಿದ್ದಳು.

‘ಒಳ್ಳೇ ಅಜ್ಜಿ ಅಕ್ಕ. ತೀರಿಹೋದ್ರು. ಆಮೇಲೆ ಅವರ ಮಗ ನನ್ನನ್ನು ಈ ಇಂಡಿಯಾದವರ ಮನೆಗೆ ಸೇರಿಸಿದ್ರು. ನಮ್ಮ ದೇಶದವರು ಅಂತ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತುಂಟಾ?’

ಆ ಮನೆಯ ಮೇಡಮ್ ಲಖನೌದವರು. ಮಸ್ಕತ್ತಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಯಜಮಾನರು ಎಂಜಿನಿಯರ್. ವಾರವಿಡೀ ಬುರೈಮಿಯ ಕಡೆ ರಸ್ತೆ ಕೆಲಸ, ಬುಧವಾರ ಸಂಜೆ ಮನೆಗೆ. ಹಿಂದಿನ ದಿನ ಮೇಡಮ್ಮಿನ ಒಂದು ಬಂಗಾರದ ಬಳೆ ಕಾಣೆಯಾಗಿತ್ತು. ವಾರಿಜಳನ್ನು ನಿಲ್ಲಿಸಿ ಕೇಳಿದ್ದರು. ಪೆಟ್ಟಿಗೆ ಬಿಚ್ಚಿ ನೋಡಿದ್ದರು. ಸಿಕ್ಕಿರಲಿಲ್ಲ. ಆದರೂ ‘ನಾಳೆ ಸಾಬ್ ಬಂದ ಕೂಡಲೇ ಪೊಲೀಸ್’ ಎಂದಿದ್ದರು. ಪೊಲೀಸ್ ಎಂಬ ಶಬ್ದ ವಾರಿಜಳಿಗೆ ಅರ್ಥವಾಗಿತ್ತು.

‘ನೀವು ಏನು ಹೇಳಿದಿರಿ?’ ಎಂದು ಕೇಳಿದೆ.

‘ಇಲ್ಲ ಅಂದೆ. ಇನ್ನೆಂತ ಹೇಳುದು? ತೆಗೆದಿಲ್ಲ, ಇಲ್ಲ ಅಂದೆ. ಅವರಿಗೆ ಇನ್ನೂ ಕೋಪ ಬಂತು.’

ಜೈಲಿನ ಭಯ ಇದೆಯೇ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು: ‘ಜೈಲಿಗೆ ಹಾಕ್ಲಿ ಬೇಕಾದ್ರೆ. ನಮ್ಮ ಮನೆಯ ಹೆಂಗಸರೆಲ್ಲ ಬೇರೆಯವರ ಮನೆಯಲ್ಲಿ ಕೆಲಸ ಮಾಡುವವರು. ನನ್ನ ತಂಗಿಯಂದಿರು ಇಬ್ಬರೂ ಮಂಗಳೂರಲ್ಲಿ ಅದೇ ಕೆಲಸ. ಯಜಮಾನರು ಬೀಗದ ಕೈ ಕೊಟ್ಟು ಊರಿಗೆ ಹೋಗ್ತಾರೆ. ನಾನು ಕಳ್ಳಿ ಅಂತ ಆದ್ರೆ ಅವರ ಕೈಗೆ ಬೀಗದ ಕೈ ಯಾರು ಕೊಡ್ತಾರೆ ಅಕ್ಕ?’

‘ಉಸ್ತಾದ್ ಕೇಳುತ್ತಾರೆ’ ಎಂದಷ್ಟೇ ಹೇಳಿ ಒಳಗೆ ಹೋದೆ. ನಾನು ಕೆಲಸಕ್ಕೆ ಸೇರಿದ ದಿನವೇ ಅಣ್ಣ ಹೇಳಿದ್ದ, ನೀನು ಟೈಪ್ ಮಾಡು, ಬಾಯಿ ಹಾಕಬೇಡ ಎಂದು. ಬೇರೆ ದೇಶ, ಬೇರೆಯವರ ವಿಷಯ. ಆ ಮಾತು ನನಗೆ ಭಾರ ಎನಿಸಿರಲಿಲ್ಲ. ಬಾಯಿ ಹಾಕದಿರುವುದು ನನ್ನ ಸ್ವಭಾವವೇ ಆಗಿತ್ತು.

ಉಸ್ತಾದ್ ಸಾಲಿಮ್ ಮೇಡಮ್ಮಿಗೆ ಫೋನ್ ಮಾಡಿದರು. ಬಂದರೆ ಬಂದರು, ಬರದಿದ್ದರೆ ಬಲವಂತ ಮಾಡುವಂತಿಲ್ಲ. ಆದರೆ ಅವರು ಮಧ್ಯಾಹ್ನದ ಮೊದಲೇ ಬಂದರು. ಟ್ಯಾಕ್ಸಿಯಲ್ಲಿ, ಒಬ್ಬರೇ, ಬೆವರಿ ಕೆಂಪಾಗಿ. ನಾನು ಜೋರುಬಾಯಿಯ ಹೆಂಗಸನ್ನು ನಿರೀಕ್ಷಿಸಿದ್ದೆ. ಇವರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೆ. ಮಾತು ಮೆಲ್ಲಗೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಮದುವೆಯಾಗಿ ಬಿಟ್ಟೆ ಎಂದರು.

ಎಲ್ಲರಿಗೂ ಕಹ್ವಾ ಬಂತು. ಮುಗಿಯಿತು. ಉಸ್ತಾದ್ ಕೇಳಲು ಶುರು ಮಾಡಿದರು. ಮೇಡಮ್ಮಿನ ಜೊತೆ ಇಂಗ್ಲಿಷಿನಲ್ಲಿ, ಇಸ್ಮಾಲಾಕನ ಜೊತೆ ಅರಬ್ಬಿಯಲ್ಲಿ. ಇಸ್ಮಾಲಾಕ ಅದನ್ನು ತುಳುವಿಗೆ ತಿರುಗಿಸಿ ವಾರಿಜಳಿಗೆ ಹೇಳಬೇಕು. ನಾನು ಇಂಗ್ಲಿಷಿನಲ್ಲಿ, ಮುಸ್ತಫಾ ಅರಬ್ಬಿಯಲ್ಲಿ ಟೈಪ್ ಮಾಡುತ್ತಾ ಹೋದೆವು.

‘ಬಳೆ ಅವಳ ಹತ್ತಿರ ಸಿಕ್ಕಿತೇ?’ ಉಸ್ತಾದ್ ಕೇಳಿದರು.

‘ಇಲ್ಲ.’

‘ಅವಳು ತೆಗೆದದ್ದನ್ನು ಯಾರಾದರೂ ನೋಡಿದ್ದಾರೆಯೇ?’

‘ಇಲ್ಲ. ಆದರೆ ನಾನು ಊಹೆ ಮಾಡಿ ಹೇಳುತ್ತಿಲ್ಲ ಸರ್. ಅವಳೇ ಒಪ್ಪಿಕೊಂಡಿದ್ದಾಳೆ. ನೀನು ತೆಗೆದೆಯಾ ಎಂದು ನಾನು ಕೇಳಿದಾಗ ಶಿ ಬೆಗ್ಡ್ ಮೈ ಪಾರ್ಡನ್. ಕೈ ಮುಗಿದು, ಅಳುತ್ತಾ, ಮತ್ತೆ ಮತ್ತೆ. ತೆಗೆಯದವಳು ಯಾಕೆ ಕ್ಷಮೆ ಕೇಳುತ್ತಾಳೆ?’

ನಾನು ಅದನ್ನು ಟೈಪ್ ಮಾಡಿದೆ. ಉಸ್ತಾದ್ ಅರಬ್ಬಿಯಲ್ಲಿ ಇಸ್ಮಾಲಾಕನಿಗೆ ಹೇಳಿದರು. ಇಸ್ಮಾಲಾಕ ವಾರಿಜಳ ಕಡೆ ತಿರುಗಿದ.

‘ವಾರಿಜಕ್ಕ, ನೀವು ತಪ್ಪಾಯ್ತು ಅಂತ ಕಾಲು ಹಿಡಿದಿರಂತಲ್ಲ?’

‘ದೇವರಾಣೆ ಇಲ್ಲ. ನಾನು ಇಲ್ಲ ಅಂತಲೇ ಅಂದದ್ದು.’

‘ಕೈ ಮುಗಿದ್ರಾ?’

‘ಮುಗಿದೆ. ನಂಬಿ ಅಂತ ಮುಗಿದೆ.’

ಉಸ್ತಾದ್ ಮೇಡಮ್ಮಿನ ಮುಖ ನೋಡಿದರು. ಮೇಡಮ್ ಕಣ್ಣು ತಪ್ಪಿಸಲಿಲ್ಲ. ವಾರಿಜ ಮಾತ್ರ ಯಾರ ಮುಖವನ್ನೂ ನೋಡದೆ ಟವೆಲಿನ ಅಂಚು ತಿರುಚುತ್ತಿದ್ದಳು. ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂಬುದರಲ್ಲಿ ಆ ಕೋಣೆಯಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಯಾರು ಎಂಬುದರಲ್ಲೂ ಹೆಚ್ಚು ಸಂಶಯ ಇರಲಿಲ್ಲ. ಇಸ್ಮಾಲಾಕನ ದನಿಯೇ ಬದಲಾಯಿತು.

‘ಅಕ್ಕ, ಇದ್ದದ್ದನ್ನು ಹೇಳಿಬಿಡಿ. ಇವರು ಒಳ್ಳೆಯವರು. ಬಳೆ ಎಲ್ಲಿ ಇಟ್ಟಿದ್ದೀರಿ ಅಂತ ಹೇಳಿದ್ರೆ ಇಲ್ಲಿಗೇ ಖಲಾಸ್ ಮಾಡಿಸ್ತಾರೆ. ಪೊಲೀಸ್ ಗಿಲೀಸ್ ಎಂತ ಬೇಡ.’

ವಾರಿಜ ತಲೆ ಎತ್ತಿ ಅವನನ್ನು ನೋಡಿದಳು. ಬೆಳಿಗ್ಗೆ ಅಂಗಡಿ ಬಿಟ್ಟು ಕರೆದುಕೊಂಡು ಬಂದವನೂ ತನ್ನನ್ನು ನಂಬುತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅವಳು ಅಳುವುದನ್ನೇ ನಿಲ್ಲಿಸಿದಳು. ನನಗೆ ಬಹಳ ಆಯಾಸವಾಯಿತು. ಇದೂ ಮುಗಿಯಿತು, ಇನ್ನೊಂದು ಹಾಳೆ, ಹೊರಗೆ ಇನ್ನೂ ಎಷ್ಟೋ ಜನ, ನಾಳೆ ರಜೆ ಎಂದು ಲೆಕ್ಕ ಹಾಕುತ್ತಿದ್ದೆ.

ಉಸ್ತಾದ್ ಹಮೂದನನ್ನು ಕರೆದರು. ದಾರಿ ಕಾಣದಿದ್ದಾಗ ಅವರು ಮಾಡುತ್ತಿದ್ದದ್ದೇ ಅದು, ಮತ್ತೊಂದು ಸುತ್ತು ಕಹ್ವಾ. ಸಾಕಾದರೆ ಬಟ್ಟಲನ್ನು ಬೆರಳಲ್ಲಿ ಹಿಡಿದು ಆಚೀಚೆ ಅಲ್ಲಾಡಿಸಬೇಕು. ಅಲ್ಲಾಡಿಸದೆ ಹಾಗೇ ಮುಂದೆ ಚಾಚಿದರೆ ಇನ್ನೂ ಬೇಕು ಎಂದರ್ಥ. ವಾರಿಜಳಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಮೊದಲ ಸುತ್ತಿನಲ್ಲಿ ಅವಳ ಬಟ್ಟಲನ್ನು ಇಸ್ಮಾಲಾಕನೇ ವಾಪಸು ಕೊಟ್ಟಿದ್ದ. ಅಜ್ಜಿಯ ಮನೆಯಲ್ಲಿ ಅವಳು ಕಹ್ವಾ ಮಾಡುವವಳೇ ಹೊರತು ಕುಳಿತು ಕುಡಿಯುವವಳಲ್ಲ. ಅವಳು ಬಟ್ಟಲನ್ನು ವಾಪಸು ಕೊಡಲು ಚಾಚಿದಳು, ಹಮೂದ್ ತುಂಬಿಸಿದ. ಕುಡಿದು ಮತ್ತೆ ಚಾಚಿದಳು, ಮತ್ತೆ ತುಂಬಿಸಿದ. ಮುಸ್ತಫಾ ಮೀಸೆಯೊಳಗೆ ನಗುತ್ತಿದ್ದ. ಕೊನೆಗೆ ಅವಳು ಬಟ್ಟಲನ್ನು ಮೇಜಿನ ಮೇಲಿಟ್ಟು, ಹಮೂದನಿಗೆ ಎರಡೂ ಕೈ ಜೋಡಿಸಿ, ಅಳುದನಿಯಲ್ಲಿ ಹೇಳಿದಳು:

‘ಮಾಫಿ, ಮಾಫಿ!’

‘ಮಾಫೀಶ್!’ ಎಂದು ಮುಸ್ತಫಾ ತನ್ನ ಈಜಿಪ್ಟಿನ ಅರಬ್ಬಿಯಲ್ಲಿ ತಿದ್ದಿ ಜೋರಾಗಿ ನಕ್ಕುಬಿಟ್ಟ.

ಕೊಲ್ಲಿ ದೇಶಗಳಲ್ಲಿ ಇದ್ದವರಿಗೆಲ್ಲ ಈ ಮಾತು ಗೊತ್ತು. ಅಲ್ಲಿ ಇಳಿದ ಮೇಲೆ ನಮ್ಮವರು ಮೊದಲು ಕಲಿಯುವ ಅರಬ್ಬಿಯೇ ಇದು. ‘ಫೀ’ ಎಂದರೆ ಇದೆ, ‘ಮಾಫಿ’ ಎಂದರೆ ಇಲ್ಲ. ಅಂಗಡಿಯಲ್ಲಿ ಅಕ್ಕಿ ಫೀ, ಮೀನು ಮಾಫಿ. ಬೇಡ ಎನ್ನುವುದಕ್ಕೂ ಅದೇ, ಗೊತ್ತಿಲ್ಲ ಎನ್ನುವುದಕ್ಕೂ ಅದೇ. ನಾನು ದಿನಕ್ಕೆ ಎಷ್ಟು ಸಲ ಅದನ್ನು ಕೇಳುತ್ತಿದ್ದೆನೋ. ಆದರೆ ಆ ಹೊತ್ತು ಜೋಡಿಸಿದ ಕೈ, ಅಳು, ಆ ಮಾತು ಮೂರನ್ನೂ ಒಟ್ಟಿಗೆ ನೋಡಿ ನನ್ನ ಬೆರಳು ನಿಂತುಬಿಟ್ಟಿತು. ಎದುರಿನ ಹಾಳೆಯಲ್ಲಿ ನಾನೇ ಟೈಪ್ ಮಾಡಿದ್ದ ಇಂಗ್ಲಿಷ್ ವಾಕ್ಯ ಇತ್ತು. ಕ್ಷಮೆ ಬೇಡಿದಳು. ಹಿಂದಿಯಲ್ಲಿ ಕ್ಷಮೆಗೆ ಏನೆನ್ನುತ್ತಾರೆ?

ನಾನು ಆ ಕೋಣೆಯಲ್ಲಿ ಅದುವರೆಗೆ ಯಾರೂ ಕೇಳದೆ ಮಾತಾಡಿದವಳಲ್ಲ. ಮೇಡಮ್ ಎದ್ದು ಹೋಗಲು ಬ್ಯಾಗ್ ಎತ್ತಿಕೊಳ್ಳುತ್ತಿದ್ದರು.

‘ಉಸ್ತಾದ್, ನಾನು ಒಂದು ಪ್ರಶ್ನೆ ಕೇಳಬಹುದೇ?’

ಅವರು ಹುಬ್ಬೇರಿಸಿದರು. ಮುಸ್ತಫಾ ಟೈಪ್ ನಿಲ್ಲಿಸಿದ.

‘ಮೇಡಮ್, ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಯಾವ ಭಾಷೆಯಲ್ಲಿ ಪಾರ್ಡನ್ ಕೇಳಿದಳು? ಅವಳ ಬಾಯಿಯಿಂದ ಬಂದ ಶಬ್ದ ಯಾವುದು?’

‘ಹಿಂದಿಯಲ್ಲಿ. ಇನ್ನು ಯಾವುದರಲ್ಲಿ? ನಾನು ಹಿಂದಿಯಲ್ಲಿ ಕೇಳಿದೆ, ಅವಳು ಹಿಂದಿಯಲ್ಲಿ ಹೇಳಿದಳು. ಮಾಫಿ, ಮಾಫಿ ಎಂದು.’

ಉಸ್ತಾದ್ ಸಾಲಿಮರು ಕುರ್ಚಿಯಲ್ಲಿ ನಿಧಾನವಾಗಿ ಹಿಂದಕ್ಕೆ ಒರಗಿದರು. ‘ಹಿಂದಿಯಲ್ಲಿ ಅದರ ಅರ್ಥ?’ ಎಂದು ನನ್ನನ್ನು ಕೇಳಿದರು.

‘ಕ್ಷಮೆ.’

ಅವರು ವಾರಿಜಳ ಕಡೆ ಬಗ್ಗಿ, ಮಕ್ಕಳ ಜೊತೆ ಮಾತಾಡುವ ಹಾಗೆ ಬಿಡಿಬಿಡಿಯಾಗಿ ಕೇಳಿದರು. ಇಸ್ಮಾಲಾಕನಿಗೆ ಬಾಯಿ ಮುಚ್ಚಲು ಕೈ ಸನ್ನೆ ಮಾಡಿದರು.

‘ಕಹ್ವಾ?’

ವಾರಿಜ ಗಾಬರಿಯಾದಳು, ಇನ್ನೊಂದು ಬಟ್ಟಲು ಬರುತ್ತದೆಂದು. ‘ಮಾಫಿ’ ಎಂದಳು.

‘ಅರಬ್ಬಿ?’

ಅವಳು ಹೆಬ್ಬೆರಳು ತೋರುಬೆರಳಿನ ಮಧ್ಯೆ ಚೂರು ಜಾಗ ಬಿಟ್ಟು ತೋರಿಸಿದಳು. ‘ಶ್ವಯ್ಯ.’ ಸ್ವಲ್ಪ ಎಂದರ್ಥ.

‘ಹಿಂದಿ?’

‘ಹಿಂದಿ ಮಾಫಿ’ ಎಂದಳು ವಾರಿಜ.

ಮೊದಲು ಅರ್ಥವಾದದ್ದು ಮೇಡಮ್ಮಿಗೆ. ಅವರ ಕೈ ತಾನಾಗಿ ಬಾಯಿಗೆ ಹೋಯಿತು. ಇಸ್ಮಾಲಾಕನಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಅವನು ತಲೆಗೆ ಕೈ ಹೊಡೆದುಕೊಂಡ. ‘ಯಾ ಅಲ್ಲಾ! ಇವರಿಗೆ ಹಿಂದಿಯೇ ಇಲ್ಲ ಮಾರಾಯ್ರೆ! ನಾನು ದಿನಾಲೂ ಇದನ್ನೇ ಹೇಳುದು ಅಂಗಡಿಯಲ್ಲಿ, ಬೆಂಡೆ ಮಾಫಿ, ಬದನೆ ಮಾಫಿ. ನನ್ನ ತಲೆಗೆ ಎಂತಾಗಿತ್ತು?’

ವಾರಿಜ ಮಾತ್ರ ಏನಾಯಿತೆಂದು ತಿಳಿಯದೆ ಎಲ್ಲರನ್ನೂ ನೋಡುತ್ತಿದ್ದಳು. ನಾನು ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಳಿತು ತುಳುವಿನಲ್ಲಿ ವಿವರಿಸಿದೆ. ಅವಳು ನಂಬಲಿಲ್ಲ. ಒಂದೇ ಮಾತಿಗೆ ಹಾಗೂ ಆಗುತ್ತದೆ, ಹೀಗೂ ಆಗುತ್ತದೆ ಎಂಬುದು ಅವಳಿಗೆ ಯಾರೋ ಮಾಡಿದ ಮೋಸದಂತೆ ಕೇಳಿಸಿತು.

‘ಇಲ್ಲ ಎನ್ನಲು ನೀವು ತುಳುವಿನಲ್ಲೇ ಇಜ್ಜಿ ಅನ್ನಬಹುದಿತ್ತಲ್ಲ’ ಎಂದೆ.

‘ಇಜ್ಜಿ ಅಂದ್ರೆ ಇಲ್ಲಿ ಯಾರಿಗೆ ಗೊತ್ತಾಗ್ತದೆ ಅಕ್ಕ? ಅಜ್ಜಿ ಹೇಳಿಕೊಟ್ಟದ್ದು. ಇಲ್ಲಿ ಎಲ್ಲರಿಗೂ ಅರ್ಥ ಆಗುವ ಇಲ್ಲ ಅದೇ ಅಲ್ವಾ?’

ಮೇಡಮ್ ಆಗ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: ‘ನಾನು ಸುಳ್ಳು ಹೇಳಲಿಲ್ಲ.’

ನಾನು ಉತ್ತರಿಸುವ ಮೊದಲೇ ಉಸ್ತಾದ್ ಹೇಳಿದರು: ‘ಇಲ್ಲ. ನಿಮ್ಮ ಕಿವಿಗೆ ಬಿದ್ದದ್ದನ್ನೇ ಹೇಳಿದಿರಿ. ಅವಳೂ ಹಾಗೆಯೇ.’

‘ಹಾಗಾದರೆ ನನ್ನ ಬಳೆ ಎಲ್ಲಿ?’

ಅದು ಅವರ ಅಮ್ಮ ಕೊಟ್ಟ ಬಳೆಯಂತೆ. ಅದನ್ನು ಹೇಳುವಾಗ ಮಾತ್ರ ಅವರ ಕಣ್ಣು ತುಂಬಿತು. ಹೋಗುವಾಗ ವಾರಿಜಳ ಮುಂದೆ ಒಂದು ಕ್ಷಣ ನಿಂತರು. ಏನೋ ಹೇಳಬೇಕೆಂದಿತ್ತು. ಯಾವ ಭಾಷೆಯಲ್ಲಿ ಹೇಳುವುದೆಂದು ಅವರಿಗೆ ತೋಚಲಿಲ್ಲ ಅಂತ ಕಾಣುತ್ತದೆ, ಸುಮ್ಮನೆ ಹೋದರು.

ಶನಿವಾರ ಬೆಳಿಗ್ಗೆ ಅವರ ಯಜಮಾನರು ಬಂದರು. ರಜೆಯಲ್ಲಿ ನಿದ್ದೆ ಮಾಡಿದ ಮುಖವಲ್ಲ ಅದು. ಪೊಲೀಸರ ಹತ್ತಿರ ಹೋಗುವುದಿಲ್ಲ ಎಂದರು, ವಾರಿಜಳ ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟರು. ಬಳೆ ಸಿಕ್ಕಿ‌ತೇ ಎಂದು ಉಸ್ತಾದ್ ಕೇಳಿದರು. ಇಲ್ಲ, ಮನೆಯೆಲ್ಲ ತೆಗೆದು ನೋಡಿಯಾಯಿತು ಎಂದರು. ಬೇರೆ ಮನೆಯಲ್ಲಿ ಕೆಲಸ ನೋಡಿಕೊಡಲು ಪ್ರಯತ್ನಿಸುತ್ತೇನೆಂದು ಉಸ್ತಾದ್ ವಾರಿಜಳಿಗೆ ಹೇಳಿಸಿದರು. ಅವಳು ಊರಿಗೆ ಹೋಗುತ್ತೇನೆ ಎಂದಳು. ಎರಡು ದಿನ ಇಸ್ಮಾಲಾಕನ ಮನೆಯಲ್ಲಿ ಅವನ ಹೆಂಡತಿ ಮಾಡಿದ ಗಂಜಿ ಉಂಡು ಅವಳ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ಇಸ್ಮಾಲಾಕ ಮಾತ್ರ ಅವಳ ಕಣ್ಣೆದುರು ಬರದೆ ವರಾಂಡದಲ್ಲೇ ನಿಂತಿದ್ದ.

ನಾನು ಕಚೇರಿಯ ತೀರ್ಮಾನವನ್ನು ಟೈಪ್ ಮಾಡಿ ಅವಳಿಗೆ ಓದಿ ಹೇಳಿದೆ. ‘ಆರೋಪವನ್ನು ಒಪ್ಪಿಕೊಂಡಿದ್ದಾಳೆಂಬುದು ಸಾಬೀತಾಗಿಲ್ಲ.’

ಅವಳು ಸ್ವಲ್ಪ ಯೋಚಿಸಿದಳು. ‘ತೆಗೆದಿಲ್ಲ ಅಂತ ಬರೆದಿದ್ದಾರಾ?’

‘ಇಲ್ಲ. ಒಪ್ಪಿಕೊಂಡಿಲ್ಲ ಅಂತ.’

‘ಎರಡೂ ಒಂದೇ ಅಲ್ವಾ?’

ಒಂದೇ ಎಂದು ಹೇಳಿಬಿಟ್ಟಿದ್ದರೆ ಅವಳು ನೆಮ್ಮದಿಯಿಂದ ಹೋಗುತ್ತಿದ್ದಳೇನೋ. ನನಗೆ ಆಗಲಿಲ್ಲ. ‘ಅಲ್ಲ’ ಎಂದೆ.

‘ಹಾಗಾದ್ರೆ ಊರಲ್ಲಿ ಕೇಳಿದವರಿಗೆ ನಾನು ಎಂತ ತೋರಿಸುದು?’

ನಾನು ಹಾಳೆ ಹಿಡಿದು ಉಸ್ತಾದರ ಹತ್ತಿರ ಹೋದೆ. ಅವಳು ತೆಗೆದಿಲ್ಲ ಎಂದು ಒಂದು ಸಾಲು ಸೇರಿಸಬಹುದೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ಆಯಾಸವಾಗಿತ್ತು, ಹೊರಗಿನ ಬೆಂಚುಗಳು ಅವತ್ತೂ ತುಂಬಿದ್ದವು.

‘ಆ ಮನೆಯಲ್ಲಿ ನಾನಿರಲಿಲ್ಲ. ನೀನೂ ಇರಲಿಲ್ಲ. ಇರದವರು ಅದನ್ನು ಬರೆಯುವ ಹಾಗಿಲ್ಲ’ ಎಂದರು. ಆಮೇಲೆ, ‘ಅವಳು ಏನು ಹೇಳಿದಳು ಎಂಬುದು ಈಗ ನಮಗೆ ಗೊತ್ತಿದೆ. ಅಷ್ಟನ್ನು ಬರೆಯಬಹುದು’ ಎಂದು ಪೆನ್ನು ತೆಗೆದುಕೊಂಡು ಕೆಳಗೆ ಸೇರಿಸಿದರು. ನೀನು ತೆಗೆದೆಯಾ ಎಂದು ಕೇಳಿದಾಗ ಆಕೆ ‘ಇಲ್ಲ’ ಎಂದಳು.

ಅದನ್ನು ತುಳುವಿನಲ್ಲಿ ಓದಿ ಹೇಳಿದೆ. ವಾರಿಜ ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದಳು. ‘ಇದನ್ನು ನಾನು ಮೊದಲ ದಿನವೇ ಹೇಳಿದ್ದೆನಲ್ಲ’ ಎಂದಳು. ಸಿಟ್ಟಿರಲಿಲ್ಲ, ದಣಿವಿತ್ತು. ಹೋಗುವ ಮೊದಲು ಕೇಳಿದಳು: ‘ಅಕ್ಕ, ಯಾರಾದ್ರೂ ನಂಬದೆ ಕೇಳಿದ್ರೆ ನಿಮ್ಮ ಹೆಸರು ಹೇಳ್ಬಹುದಾ?’ ಹೇಳಿ ಎಂದೆ. ಮಂಗಳೂರಿನಲ್ಲಿ ನಮ್ಮ ಮನೆ ಇರುವ ರಸ್ತೆಯನ್ನೂ ಹೇಳಿದೆ.

ಆಮೇಲೆ ನಮ್ಮ ಕಚೇರಿಯಲ್ಲಿ ಒಂದು ಬದಲಾವಣೆಯಾಯಿತು. ಯಾರ ಹೇಳಿಕೆಯೇ ಆಗಲಿ, ಯಾವ ಭಾಷೆಯಲ್ಲಿ ಹೇಳಿದ್ದು, ಮುಖ್ಯ ಶಬ್ದ ಯಾವುದು ಎಂದು ಕೇಳಿ ಬರೆಯಬೇಕೆಂದು ಉಸ್ತಾದ್ ಹೇಳಿದರು. ಇದರಿಂದ ಒಂದೊಂದು ದೂರಿಗೂ ಹೊತ್ತು ಹೆಚ್ಚು ಹಿಡಿಯಿತು, ಬೆಂಚಿನವರು ಇನ್ನಷ್ಟು ಕಾಯಬೇಕಾಯಿತು. ‘ಬಿಂತ್, ಒಂದು ಪ್ರಶ್ನೆ ಕೇಳಿ ನನ್ನ ಕೆಲಸ ಡಬಲ್ ಮಾಡಿದೆ’ ಎಂದು ಮುಸ್ತಫಾ ಸಿಕ್ಕಾಗಲೆಲ್ಲ ಗೊಣಗುತ್ತಿದ್ದ. ಅಣ್ಣನಿಗೆ ನಾನು ಏನೂ ಹೇಳಲಿಲ್ಲ.

ಮರುವರ್ಷ ರಜೆಯಲ್ಲಿ ಊರಿಗೆ ಹೋಗಿದ್ದೆ. ಒಂದು ಬೆಳಿಗ್ಗೆ ಅಮ್ಮ ನನ್ನನ್ನು ಹೊರಗೆ ಕರೆದರು. ಜಗಲಿಯಲ್ಲಿ ಒಬ್ಬ ಗೃಹಿಣಿ ಕುಳಿತಿದ್ದರು. ಪರಿಚಯದವರಲ್ಲ. ಬಿಸಿಲಲ್ಲಿ ನಡೆದು ಬಂದಿದ್ದರು. ಸಂಕೋಚದಿಂದಲೇ ವಿಷಯ ತೆಗೆದರು.

‘ವಾರಿಜ ಅಂತ ಒಬ್ಬಳು ಮಸ್ಕತ್ತಿನಲ್ಲಿದ್ದಳಂತೆ. ಅವಳ ತಂಗಿ ನಮ್ಮಲ್ಲಿ ಕೆಲಸಕ್ಕಿರುದು. ಒಳ್ಳೇ ಹುಡುಗಿ. ನಾವೀಗ ಮಗನ ಮನೆಗೆ ಹೋಗ್ಬೇಕು, ಮನೆ ಬೀಗ ಅವಳ ಕೈಯಲ್ಲೇ ಕೊಡುದು ಅಂತ ಇತ್ತು. ಅಷ್ಟರಲ್ಲಿ ಯಾರೋ ಅಕ್ಕನ ವಿಷಯ ಹೇಳಿದ್ರು. ಅವಳನ್ನು ಕೇಳಿದ್ರೆ ನಿಮ್ಮನ್ನು ವಿಚಾರಿಸಿ ಅಂತಾಳೆ. ಹೌದಾ ಅದು? ಬಂಗಾರದ್ದು ಎಂತದೋ?’

ನಾನು ನಡೆದದ್ದನ್ನು ಕ್ರಮವಾಗಿ ಹೇಳಲು ತೊಡಗಿದೆ. ಅರಬ್ಬಿಯಲ್ಲಿ ಮಾಫಿ ಎಂದರೆ ಒಂದು, ಹಿಂದಿಯಲ್ಲಿ ಇನ್ನೊಂದು. ಆದ್ದರಿಂದ ಒಪ್ಪಿಕೊಂಡಿದ್ದಾಳೆಂಬುದು ಸಾಬೀತಾಗಲಿಲ್ಲ. ಅವರು ಹೂಂಗುಟ್ಟುತ್ತಾ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಮುಚ್ಚಿಕೊಳ್ಳುತ್ತಾ ಹೋಯಿತು. ಇಷ್ಟೆಲ್ಲ ಹೇಳಬೇಕಾಗಿದೆ ಎಂದರೆ ಏನೋ ಇದೆ ಎಂದು ಅವರಿಗೆ ಅನಿಸುತ್ತಿರುವುದು ನನಗೆ ಕಾಣುತ್ತಿತ್ತು.

‘ಅದೆಲ್ಲ ಸರಿ. ಬಳೆ ಸಿಕ್ಕಿತಾ?’ ಎಂದರು.

‘ಇಲ್ಲ’ ಎಂದೆ.

ಅವರು ಎದ್ದು ಸೆರಗು ಸರಿಮಾಡಿಕೊಂಡರು.

‘ವಾರಿಜ ತೆಗೆದಿಲ್ಲ’ ಎಂದೆ ನಾನು.

‘ನಿಮಗೆ ಸರಿಯಾಗಿ ಗೊತ್ತುಂಟಾ?’

‘ಗೊತ್ತುಂಟು.’

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ‘ಹಾಗಾದ್ರೆ ಆಯ್ತು, ಅಷ್ಟು ಹೇಳಿದ್ರೆ ಸಾಕಿತ್ತು’ ಎಂದು ನಿರಾಳವಾಗಿ, ಅಮ್ಮ ಕೊಟ್ಟ ನೀರು ಕುಡಿದು ಹೋದರು.

ರಜೆ ಮುಗಿಸಿ ಮಸ್ಕತ್ತಿಗೆ ಹೋಗಿ ಮತ್ತೆ ಅದೇ ಮೇಜಿನಲ್ಲಿ ಕುಳಿತೆ. ಆಮೇಲೂ ಜನ ಹೇಳಿದ್ದಕ್ಕಿಂತ ಒಂದು ಶಬ್ದ ಹೆಚ್ಚಾಗಿ ನಾನು ಟೈಪ್ ಮಾಡಲಿಲ್ಲ. ಆ ಬಳೆ ಎಲ್ಲಿ ಹೋಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಬದುಕಿನಲ್ಲಿ ಗೊತ್ತಿಲ್ಲದೆ ಗೊತ್ತುಂಟು ಎಂದದ್ದು ಅದೊಂದೇ ಸಲ. ಅದನ್ನು ತಿದ್ದಬೇಕೆಂದು ನನಗೆ ಈವರೆಗೆ ಅನಿಸಿಲ್ಲ.